ಆದೋನಿಯ ಗಡಿ ಮತ್ತು ನೆಹರೂ

1953ರ ಅಕ್ಟೋಬರ್ 1ರಂದು ಪ್ರಧಾನಿ ಜವಾಹರಲಾಲ್ ನೆಹರೂ ಕರ್ನೂಲಿನಲ್ಲಿ ಆಂಧ್ರ ರಾಜ್ಯವನ್ನು ಉದ್ಘಾಟಿಸಿದರು. ಅದೇ ದಿನ ಹಳೆಯ ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದ ಪಾಲಾದವು.

ಭಾಷಾವಾರು ಪ್ರಾಂತ್ಯವೆಂದರೆ ಸ್ವಾತಂತ್ರ್ಯ ಬಂದ ಹೊಸತರಲ್ಲಿ ನೆಹರೂ ಅವರಿಗೆ ಅಳುಕಿತ್ತು. ದೇಶವಿಭಜನೆಯ ಗಾಯ ಇನ್ನೂ ಹಸಿಯಾಗಿತ್ತಲ್ಲ! 1949ರಲ್ಲಿ ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಅವರೊಡನೆ ಕೊಟ್ಟ ವರದಿಯಲ್ಲೂ ಸದ್ಯಕ್ಕೆ ತಡೆಯೋಣ ಎಂಬ ಧೋರಣೆಯೇ ಇತ್ತು. ಪ್ರತ್ಯೇಕ ಆಂಧ್ರ ರಾಜ್ಯಕ್ಕಾಗಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ಪ್ರಾಣಬಿಟ್ಟ ಮೇಲೆ, 1952ರ ಡಿಸೆಂಬರಿನಲ್ಲಿ ನೆಹರೂ ನಿಲುವು ಬದಲಿಸಿದರು. ಜನಮತಕ್ಕೆ ಮಣಿದದ್ದು ದೊಡ್ಡತನವೇ. ಆದರೆ ಒಂದು ಜೀವ ಹೋಗುವವರೆಗೆ ಕಾಯಬಾರದಿತ್ತು.

ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ರೈತ ಅಂಗೈಯಲ್ಲಿ ಅರಳೆ ಹಿಡಿದು ಕನ್ನಡದಲ್ಲಿ ದರ ಕೇಳುತ್ತಾನೆ. ಚೀಟಿ ತೆಲುಗಿನಲ್ಲಿ ಬರುತ್ತದೆ. ಇಂಥವರ ಮಕ್ಕಳನ್ನು ನೆನೆದೇ 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು. ನೆಹರೂ ಕಾಲದ ಮುತ್ಸದ್ದಿತನವನ್ನು ನಾನು ಕಾಣುವುದು ಇಲ್ಲಿಯೇ.

ಗಡಿನಾಡಿನ ತಂದೆತಾಯಿಗಳೇ, ಊರಲ್ಲಿ ಕನ್ನಡ ಶಾಲೆಯಿದ್ದರೆ ಮಕ್ಕಳನ್ನು ಅಲ್ಲಿಗೇ ಕಳಿಸಿ. ಶಿಕ್ಷಕರಿಲ್ಲವೆಂದಾದರೆ ಈ ವಿಧಿಯನ್ನು ಹೆಸರಿಸಿಯೇ ಅರ್ಜಿ ಕೊಡಿ.