ಕಾಲದೊಡನೆ ನಡೆದ ಸಭೆ



ಚರ್ಚ್ ಎಂದ ಕೂಡಲೇ ಎತ್ತರದ ಗೋಪುರ, ಗಂಟೆ, ಬಣ್ಣದ ಗಾಜಿನ ಕಿಟಕಿಗಳು ಕಣ್ಣಮುಂದೆ ಬರುತ್ತವೆ. ಆದರೆ ಕ್ರೈಸ್ತರ ಮಾತಿನಲ್ಲಿ 'ಸಭೆ' ಎಂದರೆ ಕಟ್ಟಡವಲ್ಲ, ಕೂಡಿದ ಜನ. ಕಟ್ಟಡ ಹಳತಾದರೆ ಸುಣ್ಣ ಬಳಿಯಬಹುದು. ಜನ ಚದುರಿದರೆ ಮಾಡುವುದೇನು? ಮಂಗಳೂರಿನ ಬಾಸೆಲ್ ಮಿಶನ್ ಸಭೆಯ ಚರಿತ್ರೆಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗಿದೆ.

1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪಾದ್ರಿಗಳು ಮಂಗಳೂರಿಗೆ ಬಂದರು. ಅವರ ಮಾತು ಕೇಳಿ ಕ್ರೈಸ್ತರಾದವರಿಗೆ ಮೊದಲು ಎದುರಾದುದು ಅನ್ನದ ಪ್ರಶ್ನೆ. ಜಾತಿ ಬಿಟ್ಟವನಿಗೆ ಕುಲಕಸುಬೂ ಬಂಧುಗಳ ಆಸರೆಯೂ ತಪ್ಪುತ್ತಿದ್ದವು. ಬರಿಯ ಉಪದೇಶದಿಂದ ಹೊಟ್ಟೆ ತುಂಬದು. ಆದ್ದರಿಂದ ಮಿಶನ್ ಮಗ್ಗಗಳನ್ನು ಹಾಕಿತು, ಅಚ್ಚುಕೂಟ ತೆರೆಯಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿತು. 'ಮಂಗಳೂರು ಹೆಂಚು' ಎಂಬ ಹೆಸರು ದೂರದೂರಕ್ಕೆ ಹಬ್ಬಿದ್ದು ಹೀಗೆ.

ಭಾಷೆಯ ವಿಷಯದಲ್ಲೂ ಇದೇ ಎಚ್ಚರ. ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾಯಿತು. ಊರಿನ ನುಡಿ ಕಲಿಯದವರ ಮಾತು ಊರಿಗೆ ಮುಟ್ಟದೆಂಬುದನ್ನು ಅವರು ಬಲ್ಲವರಾಗಿದ್ದರು.

ಆದರೆ ಒಂದು ಕೊರತೆ ಉಳಿದೇ ಇತ್ತು. ಹಣದ ಪೆಟ್ಟಿಗೆಯೂ ಆಡಳಿತವೂ ಬಹುಮಟ್ಟಿಗೆ ಪರದೇಶದವರ ಕೈಯಲ್ಲಿದ್ದವು. 1914ರಲ್ಲಿ ಮಹಾಯುದ್ಧ ಆರಂಭವಾಯಿತು. ಬ್ರಿಟಿಷ್ ಸರ್ಕಾರ ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿಟ್ಟು ಕೊನೆಗೆ ತವರಿಗೆ ಕಳುಹಿಸಿತು. ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿದವು. ಆಗ ಸಭೆಯ ಭಾರ ಹೊತ್ತವರು ಊರಿನ ಸಭಾಪಾಲಕರು ಮತ್ತು ಹಿರಿಯರು. ಸ್ವಾವಲಂಬನೆಯ ಪಾಠ ಯುದ್ಧದ ರೂಪದಲ್ಲಿ ಬಂದಿತು.

ಮುಂದಿನ ದೊಡ್ಡ ಹೆಜ್ಜೆ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ನಡೆಯಿತು. ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಗಳು ಕೂಡಿ 'ದಕ್ಷಿಣ ಇಂಡಿಯಾ ಸಭೆ'ಯಾಯಿತು. ಯೂರೋಪಿನ ಹಳೆಯ ಜಗಳಗಳಿಂದ ಎದ್ದ ಗೋಡೆಗಳು ಇಲ್ಲಿನ ರೈತನಿಗೂ ನೇಕಾರನಿಗೂ ಏಕೆ ಬೇಕು? ಮಂಗಳೂರಿನ ಸಭೆಯೂ ಕಾಲಕ್ರಮದಲ್ಲಿ ಇದರೊಳಗೆ ಸೇರಿತು. 1976ರಲ್ಲಿ ಈ ಸಭೆ ಮಹಿಳೆಯರಿಗೂ ಪಾದ್ರಿ ದೀಕ್ಷೆ ನೀಡಿತು. 2013ರಲ್ಲಿ ಮಹಿಳೆಯೊಬ್ಬರು ಬಿಷಪ್ಪರಾದರು. ಕಥೋಲಿಕರಲ್ಲಿಯೂ ಎರಡನೆಯ ವ್ಯಾಟಿಕನ್ ಮಹಾಸಭೆಯ (1962-65) ಬಳಿಕ ಲ್ಯಾಟಿನ್ ಪೂಜೆ ಜನರ ನುಡಿಗೆ ಇಳಿಯಿತು.

ಈಗಿನ ಪರೀಕ್ಷೆ ಬೇರೆ ಬಗೆಯದು. ಉದ್ಯೋಗಕ್ಕೆಂದು ಊರು ಬಿಟ್ಟ ಮಕ್ಕಳಲ್ಲಿ ಹಲವರು ಅಜ್ಜಿಯ ಕನ್ನಡ ಕೀರ್ತನೆಯನ್ನು ಓದಲಾರರು. ಇಂಗ್ಲಿಷಿನ ಆರಾಧನೆ ನಡೆಸಿದರೆ ಅಜ್ಜಿ ಹೊರಗುಳಿಯುತ್ತಾಳೆ, ನಡೆಸದಿದ್ದರೆ ಮೊಮ್ಮಗ. ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸುವ ದಾರಿ ಹುಡುಕುವುದೇ ಸಭೆಯ ಇಂದಿನ ಕೆಲಸ. ಅಂದು ಮಗ್ಗ ಹಾಕಿದವರೂ ನೋಡಿದ್ದು ಎದುರಿಗೆ ನಿಂತವನ ಅಗತ್ಯವನ್ನೇ.