ಎತ್ತರ ಕಂಡರೆ ಸಾಕೆ?

(ಸುವರ್ಣ ಮಹೋತ್ಸವದ ಕ್ರೀಡಾ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಆಟದಲ್ಲಿ ಪ್ರತಿಭೆಯನ್ನು ಗುರುತಿಸುವುದು ಹೇಗೆ ಎಂಬ ವಿಷಯವನ್ನು ನನಗೆ ಕೊಟ್ಟಿದ್ದಾರೆ. ವಿಷಯ ದೊಡ್ಡದು, ಇರುವ ಸಮಯ 20 ನಿಮಿಷ. ಆದ್ದರಿಂದ ಒಂದೇ ಆಟ, ಅದರಲ್ಲೂ ಒಂದೇ ಬಗೆಯ ಆಟಗಾರನನ್ನು ಹಿಡಿದು ಮಾತಾಡುತ್ತೇನೆ. ಆಟ ಬಾಸ್ಕೆಟ್‌ಬಾಲ್. ಆಟಗಾರ ಅಮೆರಿಕದ ಯಾವುದೋ ಕಾಲೇಜು ತಂಡದಲ್ಲಿರುವ, 19-20 ವರ್ಷದ, 7 ಅಡಿ ಆಸುಪಾಸಿನ ಹುಡುಗ. ಅಂಥವನನ್ನು ಅಲ್ಲಿ 'ಬಿಗ್ ಮ್ಯಾನ್' ಎನ್ನುತ್ತಾರೆ, ಆಡುವ ಜಾಗಕ್ಕೆ 'ಸೆಂಟರ್' ಎಂದು ಹೆಸರು.

ಅಷ್ಟು ದೂರದ ಹುಡುಗ ನಮಗೇಕೆ ಎಂದು ಕೇಳಬಹುದು. ಒಬ್ಬ ಯುವಕ ಮುಂದೆ ಏನಾದಾನು ಎಂದು ತಿಳಿಯಲು ಅಲ್ಲಿ ಖರ್ಚು ಮಾಡುವಷ್ಟು ಹಣ, ಕೂರಿಸುವಷ್ಟು ವೈದ್ಯರು, ನೋಡುವಷ್ಟು ವಿಡಿಯೊ ಬೇರೆ ಕಡೆ ಕಾಣುವುದು ಅಪರೂಪ. ಅಷ್ಟು ಮಾಡಿಯೂ ಅವರು ಎಡವಿದ್ದಾರೆ. ಆ ಎಡವಿನಿಂದ ಅವರು ಕಲಿತದ್ದು ಅಳತೆಪಟ್ಟಿ ಮಾತ್ರ ಇರುವ ನಮ್ಮಂಥವರಿಗೂ ಉಪಯೋಗಕ್ಕೆ ಬರುತ್ತದೆ.

ಮೊದಲು ಅಲ್ಲಿನ ವ್ಯವಸ್ಥೆ ಹೇಗಿದೆ ಎಂದು ಹೇಳುತ್ತೇನೆ. ಅಲ್ಲಿನ ವೃತ್ತಿಪರ ಲೀಗಿನ ಹೆಸರು ಎನ್‌ಬಿಎ. ಅದರಲ್ಲಿ 30 ತಂಡಗಳು. ಪ್ರತಿ ವರ್ಷ ಬೇಸಿಗೆಯಲ್ಲಿ 'ಡ್ರಾಫ್ಟ್' ನಡೆಯುತ್ತದೆ. ತಂಡಗಳು ಸರದಿಯಂತೆ ಎರಡು ಸುತ್ತಿನಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವೆ. ಮುಂಚಿನ ಸರದಿ ಸಾಮಾನ್ಯವಾಗಿ ಸೋತ ತಂಡಗಳಿಗೆ. ಅಂಥ ತಂಡಕ್ಕೆ ಒಬ್ಬ ಹುಡುಗ ಸರಿಯಾಗಿ ಸಿಕ್ಕರೆ ಹತ್ತು ವರ್ಷದ ಬಾಳು, ತಪ್ಪಿದರೆ ಹತ್ತು ವರ್ಷದ ಗೋಳು. ಹುಡುಗರನ್ನು ಹುಡುಕಿ ನೋಡಿ ವರದಿ ಬರೆಯುವವನಿಗೆ 'ಸ್ಕೌಟ್' ಎನ್ನುತ್ತಾರೆ. ಮಕ್ಕಳೆ, ನಮ್ಮ ಶಾಲೆಯ ಸ್ಕೌಟ್ಸ್ ಮತ್ತು ಗೈಡ್ಸ್ ಬೇರೆ, ಇದು ಬೇರೆ. ಡ್ರಾಫ್ಟಿಗೆ ಮುಂಚೆ ಶಿಕಾಗೋದಲ್ಲಿ ಒಂದು ಪರೀಕ್ಷಾ ಶಿಬಿರ ನಡೆಯುತ್ತದೆ. ಶೂ ಬಿಚ್ಚಿಸಿ ಎತ್ತರ, ಚಾಚಿದ ಎರಡು ತೋಳುಗಳ ಅಗಲ, ನಿಂತಲ್ಲಿಂದ ಕೈ ಎಟಕುವ ಎತ್ತರ, ನೆಗೆತ, ಓಟ ಎಲ್ಲವನ್ನೂ ಅಳೆಯುತ್ತಾರೆ. ವೈದ್ಯಕೀಯ ತಪಾಸಣೆಯೂ ಉಂಟು.

ಎತ್ತರಕ್ಕೆ ಇಷ್ಟು ಬೆಲೆ ಏಕೆಂದರೆ ರಿಂಗ್ ಇರುವುದು ನೆಲದಿಂದ 10 ಅಡಿ ಮೇಲೆ. 7 ಅಡಿ ದಾಟಿದ ಹುಡುಗ ಕೈ ಎತ್ತಿ ನಿಂತರೆ 9 ಅಡಿಗೂ ಮೇಲೆ ಎಟಕುತ್ತದೆ. ಎದುರಾಳಿಯ ಚೆಂಡನ್ನು ತಡೆಯುವುದಕ್ಕೂ ರಿಬೌಂಡ್ ಹಿಡಿಯುವುದಕ್ಕೂ ಅವನಿಗೆ ಹೆಚ್ಚು ನೆಗೆಯಬೇಕಾಗಿಲ್ಲ. ಏನು ಬೇಕಾದರೂ ಕಲಿಸಬಹುದು, ಎತ್ತರ ಕಲಿಸಲಾಗದು ಎಂದು ತರಬೇತುದಾರರು ಹೇಳುತ್ತಾರೆ. ಮಾತು ನಿಜ. ಆದರೆ ಆ ಮಾತನ್ನು ನಂಬಿ ಕೆಟ್ಟ ತಂಡಗಳೂ ಇವೆ.

ಹಶೀಮ್ ಥಬೀತ್ ಎಂಬ ಹುಡುಗನನ್ನು ನೋಡಿ. ಊರು ತಾಂಜಾನಿಯಾದ ದಾರ್ ಎಸ್ ಸಲಾಮ್. ಎತ್ತರ 7 ಅಡಿ 3 ಇಂಚು. ಕನೆಕ್ಟಿಕಟ್ ವಿಶ್ವವಿದ್ಯಾಲಯದ ತಂಡದಲ್ಲಿ ಪಂದ್ಯಕ್ಕೆ ಸರಾಸರಿ 4ಕ್ಕೂ ಹೆಚ್ಚು ಹೊಡೆತಗಳನ್ನು ತಡೆಯುತ್ತಿದ್ದ. 2009ರ ಡ್ರಾಫ್ಟಿನಲ್ಲಿ ಮೆಂಫಿಸ್ ತಂಡ ಅವನನ್ನು ಎರಡನೆಯವನಾಗಿ ಆರಿಸಿತು. ಅದೇ ಡ್ರಾಫ್ಟಿನಲ್ಲಿ ಮೂರನೆಯವನು ಜೇಮ್ಸ್ ಹಾರ್ಡನ್, ಏಳನೆಯವನು ಸ್ಟೀಫನ್ ಕರಿ. ಥಬೀತ್ ಎನ್‌ಬಿಎಯಲ್ಲಿ ಐದು ಸೀಸನ್ ಇದ್ದು ಪಂದ್ಯಕ್ಕೆ ಸರಾಸರಿ 2.2 ಅಂಕ ಗಳಿಸಿ ಹೊರಬಂದ.

ಇದರ ಸುಳಿವು ಮೊದಲೇ ಇತ್ತು. 2009ರ ಫೆಬ್ರುವರಿಯಲ್ಲಿ ಪಿಟ್ಸ್‌ಬರ್ಗ್ ತಂಡದ ಡಿವಾನ್ ಬ್ಲೇರ್ ಅವನ ಎದುರು ಆಡಿದ. ಬ್ಲೇರ್ 6 ಅಡಿ 7 ಇಂಚು, ಅಂದರೆ ಎಂಟು ಇಂಚು ಗಿಡ್ಡ. ಆದರೆ ಕಾಲೂರಿ ನಿಂತರೆ ಅಲುಗದ ಆಸಾಮಿ. ಆ ದಿನ ಬ್ಲೇರ್ 22 ಅಂಕ, 23 ರಿಬೌಂಡ್. ಥಬೀತ್ 5 ಅಂಕ, 4 ರಿಬೌಂಡ್. ಎತ್ತರ ತಲೆಯ ಕಡೆಗಿದ್ದರೂ ಆಟ ಶುರುವಾಗುವುದು ಪಾದದಿಂದ ಎಂಬುದು ಅಂದು ಕಣ್ಣಿಗೆ ಕಂಡಿತ್ತು.

ಹಾಗಾದರೆ ಒಳ್ಳೆಯ ಸ್ಕೌಟ್ ಏನು ನೋಡುತ್ತಾನೆ? ನನ್ನ ತಿಳಿವಳಿಕೆಯಲ್ಲಿ ಅವನು ಮೂರು ಪ್ರಶ್ನೆ ಕೇಳಿಕೊಳ್ಳುತ್ತಾನೆ.

ಮೊದಲನೆಯದು: ಇವನು ಇಲ್ಲಿ ಮಾಡುತ್ತಿರುವುದರಲ್ಲಿ ಅಲ್ಲಿಗೆ ಹೋದ ಮೇಲೆ ಎಷ್ಟು ಉಳಿಯುತ್ತದೆ?

ಕಾಲೇಜು ಆಟಕ್ಕೂ ವೃತ್ತಿಪರ ಆಟಕ್ಕೂ ನಿಯಮ ಬೇರೆ. ಕಾಲೇಜಿನಲ್ಲಿ ಉದ್ದ ಹುಡುಗ ತನ್ನ ರಿಂಗಿನ ಕೆಳಗೆ ಎಷ್ಟು ಹೊತ್ತಾದರೂ ಕಾವಲು ನಿಲ್ಲಬಹುದು. ಎನ್‌ಬಿಎಯಲ್ಲಿ ಪಕ್ಕದಲ್ಲಿ ಎದುರಾಳಿ ಇಲ್ಲದೆ ಆ ಚೌಕದೊಳಗೆ 3 ಸೆಕೆಂಡಿಗಿಂತ ಹೆಚ್ಚು ನಿಂತರೆ ತಪ್ಪು. ಕಾಲೇಜಿನಲ್ಲಿ ದಾಳಿಗೆ 30 ಸೆಕೆಂಡ್, ಅಲ್ಲಿ 24. ಕಾಲೇಜಿನ ಪಂದ್ಯ 40 ನಿಮಿಷ, ಅಲ್ಲಿ 48. ಕಾಲೇಜಿನಲ್ಲಿ ವರ್ಷಕ್ಕೆ ಮೂವತ್ತು ಚಿಲ್ಲರೆ ಪಂದ್ಯ, ಅಲ್ಲಿ 82. ಮೂರು ಅಂಕದ ಗೆರೆಯೂ ಅಲ್ಲಿ ಇನ್ನಷ್ಟು ದೂರ. ಎದುರಾಳಿಗಳು ಉಪಾಯವಾಗಿ ಈ ದೈತ್ಯನನ್ನು ರಿಂಗಿನ ಕೆಳಗಿಂದ ಎಳೆದು ಬಯಲಿಗೆ ತರುತ್ತಾರೆ. 6 ಅಡಿಯ ಚುರುಕು ಹುಡುಗನೊಬ್ಬ ಚೆಂಡು ಪುಟಿಸುತ್ತ ಎದುರು ನಿಂತಾಗ ಇವನು ಎಡಕ್ಕೂ ಬಲಕ್ಕೂ ಕಾಲು ಸರಿಸಿ ತಡೆಯಬಲ್ಲನೆ? ಅಂಕಪಟ್ಟಿಯಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಅಂಗಳದ ಬದಿಯಲ್ಲಿ ಕುಳಿತು ಅವನ ಪಾದ ನೋಡಬೇಕು.

ನಮ್ಮ ದೇಶದ ಮೂಲದ ಒಬ್ಬನ ಕಥೆ ಇಲ್ಲಿ ಹೇಳಬೇಕು. ಕೆನಡಾದ ಟೊರಾಂಟೊದ ಪಂಜಾಬಿ ಮನೆತನದ ಸಿಮ್ ಭುಲ್ಲರ್, 7 ಅಡಿ 5 ಇಂಚು. ನ್ಯೂ ಮೆಕ್ಸಿಕೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಆಡಿ ತನ್ನ ವಲಯದ ಟೂರ್ನಿಯಲ್ಲಿ 2013, 2014 ಎರಡೂ ವರ್ಷ ಶ್ರೇಷ್ಠ ಆಟಗಾರನೆನಿಸಿಕೊಂಡ. ಆದರೂ ಡ್ರಾಫ್ಟಿನಲ್ಲಿ ಯಾರೂ ಆರಿಸಲಿಲ್ಲ. 2015ರಲ್ಲಿ ಸ್ಯಾಕ್ರಮೆಂಟೊ ತಂಡ 10 ದಿನದ ಒಪ್ಪಂದಕ್ಕೆ ಕರೆಯಿತು. ಭಾರತೀಯ ಮೂಲದ ಮೊದಲ ಎನ್‌ಬಿಎ ಆಟಗಾರನಾದ. ಆಡಿದ್ದು ಮೂರೇ ಪಂದ್ಯ.

ಎರಡನೆಯ ಪ್ರಶ್ನೆ: ಇವನು ಆಟ ಶುರು ಮಾಡಿದ್ದು ಯಾವಾಗ, ಅಲ್ಲಿಂದ ಇಲ್ಲಿಗೆ ಎಷ್ಟು ದೂರ ಬಂದಿದ್ದಾನೆ?

ನೈಜೀರಿಯಾದ ಲಾಗೋಸ್‌ನಲ್ಲಿ ಹಕೀಮ್ ಒಲಾಜುವಾನ್ ಚಿಕ್ಕಂದಿನಲ್ಲಿ ಆಡಿದ್ದು ಫುಟ್‌ಬಾಲ್ ಮತ್ತು ಹ್ಯಾಂಡ್‌ಬಾಲ್. ಬಾಸ್ಕೆಟ್‌ಬಾಲ್ ಮುಟ್ಟಿದ್ದು ಹದಿಹರೆಯದ ನಡುವೆ. ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಆಡಿದ ಮೊದಲ ಸೀಸನ್ನಿನಲ್ಲಿ ಪಂದ್ಯಕ್ಕೆ 8.3 ಅಂಕ. ಆ ಒಂದು ಸೀಸನ್ ನೋಡಿ ತೀರ್ಪು ಕೊಟ್ಟಿದ್ದರೆ ಸಾಧಾರಣ ಎನ್ನಬೇಕಿತ್ತು. ಅವನೋ ಬೇಸಿಗೆ ರಜೆಯಲ್ಲಿ ಅದೇ ಊರಿನ ವೃತ್ತಿಪರ ತಂಡದ ಮೋಸೆಸ್ ಮಲೋನ್ ಜೊತೆ ಆಡಿ ಕಲಿತ. ಕೊನೆಯ ಸೀಸನ್ನಿಗೆ ಅಂಕ 16.8 ಆಯಿತು, ರಿಬೌಂಡ್ 13.5. 1984ರಲ್ಲಿ ಡ್ರಾಫ್ಟಿನ ಮೊದಲ ಆಯ್ಕೆ ಅವನೇ. 1994 ಮತ್ತು 1995ರಲ್ಲಿ ಹ್ಯೂಸ್ಟನ್ ತಂಡಕ್ಕೆ ಪ್ರಶಸ್ತಿ ತಂದ. 3,830 ಬ್ಲಾಕ್‌ಗಳ ಅವನ ದಾಖಲೆಯನ್ನು ಯಾರೂ ಮುರಿದಿಲ್ಲ. ಅವನ ಕಾಲಿನ ಚಮತ್ಕಾರಕ್ಕೆ ಫುಟ್‌ಬಾಲಿನ ಅಭ್ಯಾಸವೇ ಬುನಾದಿ.

ಟಿಮ್ ಡಂಕನ್ ಕೆರಿಬಿಯನ್ ದ್ವೀಪವಾದ ಸೇಂಟ್ ಕ್ರೋಯಿಯಲ್ಲಿ ಈಜುಗಾರನಾಗಿದ್ದ. 1989ರಲ್ಲಿ ಹ್ಯೂಗೊ ಚಂಡಮಾರುತ ಬಂದು ದ್ವೀಪದ ದೊಡ್ಡ ಈಜುಕೊಳ ಹಾಳಾಯಿತು. ಒಂಬತ್ತನೆಯ ತರಗತಿಯಲ್ಲಿ ಬಾಸ್ಕೆಟ್‌ಬಾಲಿಗೆ ಬಂದ. ವೇಕ್ ಫಾರೆಸ್ಟ್ ಕಾಲೇಜಿನ ಮೊದಲ ಪಂದ್ಯದಲ್ಲಿ ಗಳಿಸಿದ್ದು ಸೊನ್ನೆ. ನಾಲ್ಕು ವರ್ಷ ಪೂರ್ತಿ ಓದಿ, ಮನಃಶಾಸ್ತ್ರದಲ್ಲಿ ಪದವಿ ಪಡೆದು, 1997ರಲ್ಲಿ ಮೊದಲ ಆಯ್ಕೆಯಾದ. ಸ್ಯಾನ್ ಆಂಟೋನಿಯೊ ತಂಡದಲ್ಲಿ ಐದು ಬಾರಿ ಚಾಂಪಿಯನ್ ಆದ.

ಈಚಿನದು ಬೇಕಾದರೆ ಟೊರಾಂಟೊದ ಜ್ಯಾಕ್ ಈಡಿ, 7 ಅಡಿ 4 ಇಂಚು. ಚಿಕ್ಕಂದಿನಲ್ಲಿ ಬೇಸ್‌ಬಾಲ್, ಐಸ್ ಹಾಕಿ ಆಡುತ್ತಿದ್ದವನು ತಡವಾಗಿ ಈ ಆಟಕ್ಕೆ ಬಂದ. ಪರ್ಡ್ಯೂ ವಿಶ್ವವಿದ್ಯಾಲಯ ಸೇರುವಾಗ ಅವನ ವಯಸ್ಸಿನ ಮೊದಲ ನೂರು ಹುಡುಗರ ಪಟ್ಟಿಯಲ್ಲೂ ಅವನಿರಲಿಲ್ಲ. ಮೊದಲ ವರ್ಷ 8.7 ಅಂಕ, ನಾಲ್ಕನೆಯ ವರ್ಷ 25.2. ನಡುವೆ 2023ರಲ್ಲಿ ಡ್ರಾಫ್ಟಿಗೆ ಹೆಸರು ಕೊಟ್ಟು, ಹಿಂತೆಗೆದುಕೊಂಡು, ಮತ್ತೆ ಕಾಲೇಜಿಗೆ ಬಂದ. 2024ರಲ್ಲಿ ಒಂಬತ್ತನೆಯ ಆಯ್ಕೆಯಾಗಿ ಮೆಂಫಿಸ್ ಸೇರಿದ.

ಈ ಮೂವರಲ್ಲೂ ನೋಡಬೇಕಾದ್ದು ಒಂದು ದಿನದ ಅಂಕವನ್ನಲ್ಲ; ಕಳೆದ ವರ್ಷಕ್ಕೂ ಈ ವರ್ಷಕ್ಕೂ ನಡುವಿನ ಅಂತರವನ್ನು. ಆರನೇ ವಯಸ್ಸಿಗೆ ಶುರು ಮಾಡಿದವನನ್ನೂ ಹದಿನಾರಕ್ಕೆ ಶುರು ಮಾಡಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅಂಕಪಟ್ಟಿಯ ಮೂಲೆಯಲ್ಲಿ ಇನ್ನೊಂದು ಸುಳಿವೂ ಇರುತ್ತದೆ: ಯಾರೂ ಅಡ್ಡಿ ಬಾರದೆ ಗೆರೆಯ ಮೇಲೆ ನಿಂತು ಎಸೆಯುವ ಫ್ರೀ ಥ್ರೋ. ಅದನ್ನು ಚೆನ್ನಾಗಿ ಹಾಕುವವನ ಕೈಯಲ್ಲಿ ಹದ ಇದೆ ಎಂದರ್ಥ. ದೂರದ ಹೊಡೆತವನ್ನು ಮುಂದೆ ಕಲಿತಾನು. ಸ್ಟ್ಯಾನ್‌ಫರ್ಡ್‌ನಿಂದ ಬಂದ ಬ್ರೂಕ್ ಲೋಪೆಜ್ ಎಂಬ 7 ಅಡಿಯ ಆಟಗಾರ ಮೊದಲ ಎಂಟು ಸೀಸನ್‌ಗಳಲ್ಲಿ ಮೂರು ಅಂಕದ ಗೆರೆಯಾಚೆಯಿಂದ ಹಾಕಿದ್ದು ಮೂರೇ ಬಾರಿ. ಒಂಬತ್ತನೆಯದರಲ್ಲಿ 134! ಅವನ ಫ್ರೀ ಥ್ರೋ ಮೊದಲಿನಿಂದಲೂ ಚೆನ್ನಾಗಿತ್ತು.

ಮೂರನೆಯ ಪ್ರಶ್ನೆ ಕಠಿಣವಾದದ್ದು: ಈ ದೇಹ ತಡೆಯುತ್ತದೆಯೆ?

ಅಷ್ಟು ಎತ್ತರದ, ನೂರು ಕಿಲೊ ದಾಟಿದ ಮೈ ದಿನವೂ ನೆಗೆದು ಇಳಿಯುವಾಗ ಪಾದ, ಮೊಣಕಾಲು, ಬೆನ್ನಿನ ಮೇಲೆ ಬೀಳುವ ಭಾರ ಸಾಮಾನ್ಯವಲ್ಲ. 1984ರಲ್ಲಿ ಒಲಾಜುವಾನ್ ಆದ ಮೇಲೆ ಎರಡನೆಯ ಆಯ್ಕೆ ಪೋರ್ಟ್‌ಲ್ಯಾಂಡ್ ತಂಡದ್ದು. ಅವರು ಕೆಂಟಕಿಯ ಸ್ಯಾಮ್ ಬೋವಿಯನ್ನು ಆರಿಸಿದರು. ಕಾಲಿನ ಮೂಳೆಯ ಬಿರುಕಿನಿಂದ ಅವನು ಕಾಲೇಜಿನಲ್ಲೇ ಎರಡು ಸೀಸನ್ ಆಡಿರಲಿಲ್ಲ. ಮೂರನೆಯ ಸರದಿಯ ಶಿಕಾಗೊಗೆ ಸಿಕ್ಕವನು ಮೈಕೆಲ್ ಜೋರ್ಡನ್. 2007ರಲ್ಲಿ ಅದೇ ಪೋರ್ಟ್‌ಲ್ಯಾಂಡ್ ಒಹಾಯೊ ಸ್ಟೇಟ್‌ನ ಗ್ರೆಗ್ ಓಡೆನ್‌ನನ್ನು ಮೊದಲನೆಯವನಾಗಿ ಆರಿಸಿತು; ಎರಡನೆಯವನು ಕೆವಿನ್ ಡ್ಯುರಾಂಟ್. ಓಡೆನ್ ಮೊಣಕಾಲಿನ ಶಸ್ತ್ರಚಿಕಿತ್ಸೆಯಿಂದ ಮೊದಲ ಸೀಸನ್ ಪೂರ್ತಿ ಕಳೆದುಕೊಂಡ. ಎನ್‌ಬಿಎಯಲ್ಲಿ ಒಟ್ಟು ಆಡಿದ್ದು 105 ಪಂದ್ಯ.

ಹಾಗೆಂದು ವೈದ್ಯರ ವರದಿಯೇ ಕೊನೆಯ ಮಾತೂ ಅಲ್ಲ. ಕ್ಯಾಮರೂನಿನ ಜೋಯೆಲ್ ಎಂಬೀಡ್ ಆಟ ಶುರು ಮಾಡಿದ್ದು 15ರ ಹರೆಯದಲ್ಲಿ. ಕನ್ಸಾಸ್ ಕಾಲೇಜಿಗೆ 28 ಪಂದ್ಯ ಆಡುವಷ್ಟರಲ್ಲಿ ಬೆನ್ನಿಗೆ ಪೆಟ್ಟು, ಡ್ರಾಫ್ಟಿನ ಹೊತ್ತಿಗೆ ಪಾದದ ಮೂಳೆಯಲ್ಲಿ ಬಿರುಕು. ಫಿಲಡೆಲ್ಫಿಯಾ ಮೂರನೆಯವನಾಗಿ ಆರಿಸಿ ಎರಡು ಸೀಸನ್ ಕಾಯಿತು. 2023ರಲ್ಲಿ ಅವನು ಲೀಗಿನ ಶ್ರೇಷ್ಠ ಆಟಗಾರ. ಮೊದಲು ಹೇಳಿದ ಬ್ಲೇರ್‌ಗೆ ಎರಡೂ ಮೊಣಕಾಲಿನ ಮುಖ್ಯ ಅಸ್ಥಿಬಂಧಕಗಳೇ ಇಲ್ಲವೆಂದು ತಪಾಸಣೆಯಲ್ಲಿ ಗೊತ್ತಾಗಿ 37ನೇ ಸರದಿಗೆ ಜಾರಿದ. ಮೊದಲ ಸೀಸನ್ನಿನಲ್ಲಿ 82ಕ್ಕೆ 82 ಪಂದ್ಯವೂ ಆಡಿದ!

ಇಷ್ಟು ಕೇಳಿದ ಮೇಲೆ ಒಂದು ಮಾತು ಮನಸ್ಸಿನಲ್ಲಿಡಿ. ಥಬೀತ್, ಬೋವಿ, ಓಡೆನ್ ಹೆಸರು ಬಂದಾಗಲೆಲ್ಲ ಅಲ್ಲಿನ ಜನ 'ದಂಡ' ಎಂಬರ್ಥದ ಮಾತಾಡುತ್ತಾರೆ. ನನಗೆ ಅದು ನ್ಯಾಯವೆನಿಸುವುದಿಲ್ಲ. ನನ್ನನ್ನು ಎರಡನೆಯವನಾಗಿ ಆರಿಸಿ ಎಂದು ಥಬೀತ್ ಬರೆದುಕೊಟ್ಟಿರಲಿಲ್ಲ. ಮೊಣಕಾಲು ಕೈಕೊಟ್ಟರೆ ಓಡೆನ್ ಏನು ಮಾಡಿಯಾನು? ಅಳೆದವರು ತಪ್ಪು ಅಳೆದರು, ಹೆಸರು ಕೆಟ್ಟದ್ದು ಹುಡುಗರದು. ಇನ್ನೊಬ್ಬರ ಮಕ್ಕಳ ಭವಿಷ್ಯಕ್ಕೆ ಅಂಕಿ ಹಾಕುವ ಕೆಲಸದಲ್ಲಿರುವವರೆಲ್ಲ, ಸ್ಕೌಟ್ ಆಗಲಿ ಮೇಷ್ಟ್ರಾಗಲಿ, ಇದನ್ನು ಮರೆಯಬಾರದು.

ನಮ್ಮ ದೇಶದಿಂದಲೇ ಆಯ್ಕೆಯಾದವನು ಸತ್ನಾಮ್ ಸಿಂಗ್. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ರೈತರ ಮಗ. ಲೂಧಿಯಾನದ ಅಕಾಡೆಮಿಯಲ್ಲಿ ಕಲಿತು, 2010ರಲ್ಲಿ ಹುಡುಗನಿದ್ದಾಗಲೇ ಫ್ಲಾರಿಡಾದ ಕ್ರೀಡಾ ಶಾಲೆಗೆ ಹೋದ. ಕಾಲೇಜು ತಂಡದಲ್ಲಿ ಆಡದೆ 2015ರಲ್ಲಿ ನೇರವಾಗಿ ಡ್ರಾಫ್ಟಿಗೆ ಬಂದ. ಡಲ್ಲಾಸ್ ತಂಡ 52ನೆಯವನಾಗಿ ಆರಿಸಿತು. ಎನ್‌ಬಿಎ ಪಂದ್ಯ ಆಡುವ ಅವಕಾಶ ಸಿಗಲಿಲ್ಲ. ಆದರೂ ಡ್ರಾಫ್ಟಿನಲ್ಲಿ ಆಯ್ಕೆಯಾದ ಮೊದಲ ಭಾರತೀಯ ಎಂಬ ಹೆಸರು ಅವನದೇ. ಬೆಳೆಯುವ ವಯಸ್ಸಿನಲ್ಲಿ ಕಾಲೇಜಿನ ಮೂರು ನಾಲ್ಕು ವರ್ಷ ಎಷ್ಟು ಕಲಿಸುತ್ತವೆ ಎಂಬುದನ್ನು ಡಂಕನ್ ಮತ್ತು ಈಡಿಯ ಪಕ್ಕದಲ್ಲಿಟ್ಟು ಯೋಚಿಸಿ.

ಕೊನೆಯದಾಗಿ ನಮ್ಮ ಶಾಲೆಗೆ ಬರುತ್ತೇನೆ. ನಮ್ಮಲ್ಲಿ ಉದ್ದ ಹುಡುಗನಿಗೆ ಕೊನೆಯ ಬೆಂಚು, ಪ್ರಾರ್ಥನೆಯ ಸಾಲಿನ ತುದಿ, ವಾಲಿಬಾಲ್‌ನಲ್ಲಿ ನೆಟ್ಟಿನ ಮುಂದಿನ ಜಾಗ. ಉದ್ದ ಹುಡುಗಿಗೆ ಬೆನ್ನು ಬಗ್ಗಿಸಿ ನಡೆಯಲು ಉಪದೇಶ. ಹೋಬಳಿ ಮಟ್ಟದ ಆಯ್ಕೆ ಅರ್ಧ ದಿನದಲ್ಲಿ ಮುಗಿಯುತ್ತದೆ. ದೈಹಿಕ ಶಿಕ್ಷಕರಲ್ಲಿ ನನ್ನದೊಂದು ಸಣ್ಣ ಕೋರಿಕೆ. ಒಂದು ನೋಟ್‌ಬುಕ್ ಇಡಿ. ಜೂನ್‌ನಲ್ಲಿ ಪ್ರತಿ ಮಗು ಏನು ಮಾಡಬಲ್ಲುದು ಎಂದು ಒಂದು ಸಾಲು, ಮಾರ್ಚ್‌ನಲ್ಲಿ ಮತ್ತೊಂದು ಸಾಲು ಬರೆಯಿರಿ. ಎಲ್ಲಿ ನೋವಿದೆ, ಯಾವ ಕಾಲು ಉಳುಕಿದೆ ಎಂಬುದನ್ನೂ ಬರೆಯಿರಿ. ನೋವಿರುವ ಮಗುವನ್ನು ಶೀಲ್ಡಿನ ಆಸೆಗೆ ಆಡಿಸಬೇಡಿ. ಮೂರು ವರ್ಷದ ಆ ಆರು ಸಾಲುಗಳಲ್ಲಿ ಅಳತೆಪಟ್ಟಿಗೆ ಸಿಗದ್ದು ಸಿಗುತ್ತದೆ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಮೊಳಕೆ ಎಷ್ಟು ಉದ್ದವಿದೆ ಎಂದು ನೋಡಿದರೆ ಅರ್ಧ ನೋಡಿದಂತೆ. ದಿನದಿಂದ ದಿನಕ್ಕೆ ಎಷ್ಟು ಚಿಗುರುತ್ತಿದೆ ಎಂದೂ ನೋಡಬೇಕು, ಅದಕ್ಕೆ ನೀರೆರೆಯುವವರು ಇದ್ದಾರೆಯೆ ಎಂದೂ ನೋಡಬೇಕು.