ಕಂಪೈಲರ್ ಏಕೆ ತಾನಾಗಿ ಒಪ್ಪುವುದಿಲ್ಲ?
(ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಲಿಖಿತ ರೂಪ)



ಜಾವಾ ಕಲಿತು ಓಕ್ಯಾಮಲ್ ಭಾಷೆಗೆ ಬಂದವರಿಗೆ ಬೇಗನೆ ಎದುರಾಗುವ ಒಂದು ತೊಡಕಿದೆ. ಅದರ ಕಾರಣ ತಿಳಿಯದಿದ್ದರೆ ಭಾಷೆಯ ಮೇಲೆಯೇ ಬೇಸರ ಬರುತ್ತದೆ. ಇಂದು ಆ ಕಾರಣವನ್ನು ಹೇಳಲು ಪ್ರಯತ್ನಿಸುತ್ತೇನೆ.

ಓಕ್ಯಾಮಲ್, ಫ್ರಾನ್ಸಿನ ಇನ್ರಿಯಾ ಸಂಶೋಧನಾ ಸಂಸ್ಥೆಯಿಂದ 1996ರಲ್ಲಿ ಹೊರಬಂದ ಫಂಕ್ಷನಲ್ ಭಾಷೆ. ಇದರ ಆಬ್ಜೆಕ್ಟ್ ವ್ಯವಸ್ಥೆಯನ್ನು ರೂಪಿಸಿದವರು ದಿದಿಯೆ ರೆಮಿ ಮತ್ತು ಜೆರೋಮ್ ವುಯೋನ್. ನಾವು ಟೈಪ್ ಬರೆಯದಿದ್ದರೂ ಕಂಪೈಲರ್ ತಾನೇ ಅದನ್ನು ಕಂಡುಹಿಡಿಯುವುದು ಈ ಭಾಷೆಯ ದೊಡ್ಡ ಅನುಕೂಲ.

ಒಂದು ಶಾಲೆಯ ಉದಾಹರಣೆ ನೋಡೋಣ. ‘ವಿದ್ಯಾರ್ಥಿ’ ಎಂಬ ಆಬ್ಜೆಕ್ಟಿಗೆ ಹೆಸರು, ಅಂಕ ಎಂಬ ಎರಡು ಮೆಥಡ್‌ಗಳಿವೆ. ‘ಶಿಕ್ಷಕ’ನಿಗೆ ಹೆಸರು, ವೇತನ. ಇಬ್ಬರನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಕಂಪೈಲರ್ ತಕರಾರು ತೆಗೆಯುತ್ತದೆ. ಪಟ್ಟಿಯಲ್ಲಿರುವುದೆಲ್ಲ ಒಂದೇ ಟೈಪಿನದಾಗಿರಬೇಕು. ಒಬ್ಬರಲ್ಲಿ ಅಂಕವಿದೆ, ಇನ್ನೊಬ್ಬರಲ್ಲಿ ಇಲ್ಲ.

ಹೆಸರು ಮಾತ್ರ ಇರುವ ‘ವ್ಯಕ್ತಿ’ ಎಂಬ ಟೈಪನ್ನು ಮಾಡಿಕೊಳ್ಳೋಣ. ವ್ಯಕ್ತಿಯಿಂದ ಬೇಕಾದುದೆಲ್ಲ ವಿದ್ಯಾರ್ಥಿಯಲ್ಲಿಯೂ ಶಿಕ್ಷಕನಲ್ಲಿಯೂ ಇದೆ. ಆದ್ದರಿಂದ ಇಬ್ಬರೂ ವ್ಯಕ್ತಿಯ ಸಬ್‌ಟೈಪ್, ಅಂದರೆ ಉಪಪ್ರಕಾರ. ಆದರೂ ಓಕ್ಯಾಮಲ್ ತಾನಾಗಿ ಬದಲಾಯಿಸುವುದಿಲ್ಲ. (ವಿದ್ಯಾರ್ಥಿ :> ವ್ಯಕ್ತಿ) ಎಂಬ ರೀತಿಯಲ್ಲಿ ನಾವೇ ಬರೆದು ತಿಳಿಸಬೇಕು. ಎಡಗಡೆ ಆಬ್ಜೆಕ್ಟ್, ಬಲಗಡೆ ನಮಗೆ ಬೇಕಾದ ಟೈಪ್. ಇದೇ ಕೊಯರ್ಷನ್. ಶಿಕ್ಷಕನಿಗೂ ಹೀಗೆಯೇ ಬರೆದರೆ ಇಬ್ಬರೂ ಒಂದೇ ಪಟ್ಟಿಯಲ್ಲಿ ಕೂರುತ್ತಾರೆ. ಆಬ್ಜೆಕ್ಟಿನ ಪ್ರತಿ ತೆಗೆಯುವುದಿಲ್ಲ, ಪ್ರೋಗ್ರಾಂ ನಿಧಾನವಾಗುವುದಿಲ್ಲ. ಬದಲಾಗುವುದು ಕಂಪೈಲರ್ ಅದನ್ನು ನೋಡುವ ದೃಷ್ಟಿ ಮಾತ್ರ.

ಜಾವಾ ಇದನ್ನು ಕೇಳದೆಯೇ ಮಾಡುತ್ತದಲ್ಲ ಎಂದು ನೀವು ಕೇಳಬಹುದು. ಜಾವಾದಲ್ಲಿ ಟೈಪ್‌ಗಳನ್ನು ಬಹುಮಟ್ಟಿಗೆ ನಾವೇ ಬರೆದಿರುತ್ತೇವೆ. ಓಕ್ಯಾಮಲ್‌ನಲ್ಲಿ ಕಂಪೈಲರ್ ‘ಈ ಟೈಪೂ ಆ ಟೈಪೂ ಒಂದೇ’ ಎಂಬ ಸಮೀಕರಣಗಳನ್ನು ಬಿಡಿಸುತ್ತಾ ಟೈಪನ್ನು ಕಂಡುಹಿಡಿಯುತ್ತದೆ. ‘ಒಂದೇ’ ಎಂಬುದರ ಬದಲು ಎಲ್ಲೆಲ್ಲೂ ‘ಒಂದೇ ಅಥವಾ ಉಪಪ್ರಕಾರ’ ಎಂದಾದರೆ ಲೆಕ್ಕ ಬಹಳ ಜಟಿಲವಾಗುತ್ತದೆ. ಬರುವ ಉತ್ತರವೂ ಓದಿ ಅರ್ಥಮಾಡಿಕೊಳ್ಳಲು ಕಷ್ಟ. ಹಾಗೆಂದು ಪ್ರತಿ ಹೆಜ್ಜೆಗೂ ಕೊಯರ್ಷನ್ ಬೇಕಿಲ್ಲ. ಹೆಸರನ್ನು ಮಾತ್ರ ಕೇಳುವ ಫಂಕ್ಷನ್, ಹೆಸರಿರುವ ಯಾವ ಆಬ್ಜೆಕ್ಟನ್ನಾದರೂ ನೇರವಾಗಿ ಸ್ವೀಕರಿಸುತ್ತದೆ.

ಒಂದು ಎಚ್ಚರಿಕೆ. ವ್ಯಕ್ತಿಯಾದ ಮೇಲೆ ಮತ್ತೆ ವಿದ್ಯಾರ್ಥಿಯಾಗುವ ದಾರಿ ಇಲ್ಲ. ಆ ಪಟ್ಟಿಯಿಂದ ಅಂಕ ಕೇಳಲಾಗದು. ಜಾವಾದಲ್ಲಿ ಹಿಂದಿರುಗಬಹುದು, ಆದರೆ ಅಲ್ಲಿರುವುದು ಶಿಕ್ಷಕನಾಗಿದ್ದರೆ ಪ್ರೋಗ್ರಾಂ ನಡೆಯುತ್ತಿರುವಾಗಲೇ ದೋಷ ಬರುತ್ತದೆ. ಅಂಕವೂ ಬೇಕೆಂದಾದರೆ ‘ವಿದ್ಯಾರ್ಥಿ ಅಥವಾ ಶಿಕ್ಷಕ’ ಎಂಬ ವೇರಿಯಂಟ್ ಟೈಪನ್ನು ಮೊದಲೇ ಯೋಜಿಸಿಕೊಳ್ಳಬೇಕು.

ವಿದ್ಯಾರ್ಥಿ ಮಿತ್ರರೇ, ನಮ್ಮ ಮೇಜಿನ ಮೇಲೆ ಕಂಪೈಲರ್ ತೋರಿಸುವ ತಪ್ಪು ನಮಗೆ ಕೆಲವು ನಿಮಿಷಗಳ ಕೆಲಸ. ಅದೇ ತಪ್ಪು ಪ್ರೋಗ್ರಾಂ ಬಳಸುವವರ ಕೈಯಲ್ಲಿ ಹೊರಬಿದ್ದರೆ ಅವರ ಇಡೀ ದಿನದ ಕೆಲಸ ಕೆಡಬಹುದು. ಆದ್ದರಿಂದ ಕಂಪೈಲರ್ ತಡೆದಾಗ ಸಿಟ್ಟಾಗಬೇಡಿ. ‘ಇಲ್ಲಿ ಯಾವ ಮಾಹಿತಿಯನ್ನು ಬಿಟ್ಟುಕೊಡುತ್ತಿದ್ದೇನೆ?’ ಎಂದು ಒಮ್ಮೆ ಯೋಚಿಸಿ, ಆಮೇಲೆ ಆ ಚಿಹ್ನೆಯನ್ನು ಬರೆಯಿರಿ.